೧೧೮ನೇ ಗಾಡಿಯ ಚೈನುಗಳು

ಟೊರೊಂಟೊ ಪಕ್ಕದ ವಾನ್‌ನಲ್ಲಿ ಬೆಟ್ಟಗಳಿಲ್ಲ. ಗೋದಾಮುಗಳಿವೆ, ಅವುಗಳಿಗೆ ಬೆನ್ನು ಹಚ್ಚಿ ನಿಂತ ಟ್ರೇಲರ್‌ಗಳಿವೆ, ನಡುವೆ ಉಪ್ಪು ಸುರಿದೂ ಸುರಿದೂ ಬೂದಿ ಬಣ್ಣಕ್ಕೆ ತಿರುಗಿದ ರಸ್ತೆಗಳಿವೆ. ಅಲ್ಲಿನ ಒಂದು ಟ್ರಕ್ ಕಂಪನಿಯ ಸೇಫ್ಟಿ ಡೆಸ್ಕಿನಲ್ಲಿ ನಾನು ಹತ್ತೊಂಬತ್ತು ವರ್ಷ ಕೂತಿದ್ದೆ. ನಾಲ್ಕು ದಿನದ ದಾರಿಯಾಚೆ ಬೆಟ್ಟ ಹತ್ತುವ ಗಾಡಿಗಳಲ್ಲಿ ಚೈನು ಇದೆಯೋ ಇಲ್ಲವೋ ನೋಡುವುದು ನನ್ನ ಕೆಲಸಗಳಲ್ಲಿ ಒಂದು. ನಿವೃತ್ತಳಾಗಿ ಎರಡು ಚಳಿಗಾಲ ಕಳೆದಿವೆ. ಈಗ ಅಂಥ ಕುರ್ಚಿಗಳಿಗೆ ಹುಬ್ಬಳ್ಳಿ, ಬೆಳಗಾವಿ ಕಡೆಯ ಹುಡುಗಿಯರೂ ಬರುತ್ತಿದ್ದಾರೆ. ಸಂಕ್ರಾಂತಿ, ಯುಗಾದಿ ಕೂಟಗಳಲ್ಲಿ ಸಿಕ್ಕಾಗ "ಅಕ್ಕಾ, ಆ ಕೆಲಸ ಹೆಂಗದ?" ಎಂದು ಕೇಳುತ್ತಾರೆ. ತಟ್ಟೆ ಹಿಡಿದುಕೊಂಡು ನಿಂತಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಚೈನಿನ ವಿಷಯ. ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಕಬ್ಬಿಣದ ಸರಪಳಿ ಅದು. ಟೊರೊಂಟೊ ಸುತ್ತಮುತ್ತ ಟ್ರಕ್ಕಿಗೆ ಚೈನು ಹಾಕುವ ಪ್ರಸಂಗ ಬರುವುದೇ ಅಪರೂಪ. ಹಿಮ ಬಿದ್ದ ಕೂಡಲೇ ಕೆರೆಯುವ ಗಾಡಿ ಬರುತ್ತದೆ, ಉಪ್ಪು ಬೀಳುತ್ತದೆ, ರಸ್ತೆ ತೀರಾ ಕೆಟ್ಟರೆ ಮುಚ್ಚುತ್ತಾರೆ. ಆದರೆ ಪಶ್ಚಿಮಕ್ಕೆ, ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಿಗೆ ಹೋಗುವ ಭಾರಿ ಗಾಡಿ ಅಕ್ಟೋಬರ್ ಮೊದಲ ದಿನದಿಂದ ಚೈನು ಹೊತ್ತುಕೊಂಡೇ ಹೋಗಬೇಕು. ಆಕಾಶ ನೀಲಿಯಾಗಿದ್ದರೂ ಗಾಡಿಯಲ್ಲಿ ಅದು ಇರಬೇಕು. ಘಾಟಿಯ ಬುಡದಲ್ಲಿ ಗಾಡಿ ನಿಲ್ಲಿಸಿ ಚೈನು ಹಾಕುವುದಕ್ಕೆಂದೇ ಅಗಲವಾದ ಜಾಗ ಬಿಟ್ಟಿರುತ್ತಾರೆ. ಅಲ್ಲಿನ ಫಲಕದ ದೀಪ ಮಿನುಗುತ್ತಿದ್ದರೆ ಹಾಕದೆ ಮೇಲೆ ಹತ್ತುವಂತಿಲ್ಲ. ಅಮೆರಿಕದ ಬೆಟ್ಟದ ರಾಜ್ಯಗಳಲ್ಲಿ ಒಂದೊಂದು ಕಡೆ ಒಂದೊಂದು ನಿಯಮ: ಎಷ್ಟು ಚೈನು, ಯಾವ ಗಾಲಿಗೆ, ಯಾವ ತಿಂಗಳಿಂದ ಎಂಬುದೆಲ್ಲ ಬೇರೆ ಬೇರೆ.

ಇದೆಲ್ಲ ಕಾಗದದ ಮೇಲೆ ಓದಿಕೊಂಡು ನಾನು ಕೆಲಸಕ್ಕೆ ಸೇರಿದೆ. ಧಾರವಾಡದಲ್ಲಿ ಬಿ.ಕಾಂ. ಮಾಡಿದವಳು, ಟ್ರಕ್ಕಿನ ಮೆಟ್ಟಿಲನ್ನೂ ಹತ್ತಿದವಳಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ಸ್ಟಾನ್ ಎಂಬ ಪೋಲೆಂಡಿನ ಮುದುಕ ಮೆಕ್ಯಾನಿಕ್ ಇದ್ದ. ಮೊದಲ ಚಳಿಗಾಲದಲ್ಲಿ ನಾನು ಅವನ ಮುಂದೆ ಪಟ್ಟಿ ಹಿಡಿದು, "ಈ ಗಾಡಿಗೆ ಚೈನು ಇದೆಯಾ?" ಎಂದು ಕೇಳಿದೆ. ಅವನು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ತನ್ನ ಜೇಬಿಗೆ ಹಾಕಿಕೊಂಡ. "ಮೊದಲು ಒಂದು ಹಾಕಿ ತೋರಿಸು, ವಿಜಯಾ. ಆಮೇಲೆ ಸಹಿ ಮಾಡು" ಎಂದ.

ಅಂಗಳದಲ್ಲಿ ಹಿಮದ ಮೇಲೆ ಚೈನು ಹರಡಿದೆವು. ಎತ್ತಲು ಹೋದರೆ ಸೊಂಟ ಹಿಡಿಯುವಷ್ಟು ಭಾರ. ತಿರುಚಿಕೊಂಡ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಬೇಕು, ಟೈರಿನ ಮೇಲೆ ಹೊದಿಸಬೇಕು, ಗಾಡಿಯ ಕೆಳಗೆ ನುಸುಳಿ ಒಳಬದಿಯ ಕೊಕ್ಕೆ ಸಿಕ್ಕಿಸಬೇಕು, ಆಮೇಲೆ ಹೊರಬದಿ. ಕೊನೆಗೆ ಚಾವಿಯಂಥ ಒಂದು ಸಲಕರಣೆಯಿಂದ ತಿರುವಿ ಬಿಗಿ ಮಾಡಬೇಕು. ಅಲ್ಲಿಗೂ ಮುಗಿಯಲಿಲ್ಲ. ಸ್ವಲ್ಪ ದೂರ ಓಡಿಸಿ, ಮತ್ತೆ ಇಳಿದು, ಸಡಿಲಾದದ್ದನ್ನು ಇನ್ನೊಮ್ಮೆ ಬಿಗಿಯಬೇಕು. ಒಂದು ಗಾಲಿಗೆ ನನಗೆ ಒಂದೂವರೆ ತಾಸು ಹಿಡಿಯಿತು. ಕೈಗವಸು ಹಾಕಿಕೊಂಡರೆ ಕೊಕ್ಕೆ ಹಿಡಿಯಲು ಬರುವುದಿಲ್ಲ, ತೆಗೆದರೆ ಕಬ್ಬಿಣ ಚರ್ಮಕ್ಕೆ ಅಂಟುತ್ತದೆ. ಬೆರಳುಗಳಿಗೆ ಎರಡು ದಿನ ಸ್ಪರ್ಶವಿರಲಿಲ್ಲ, ರೊಟ್ಟಿ ತಟ್ಟಲಿಕ್ಕೂ ಆಗಲಿಲ್ಲ. ಸ್ಟಾನ್ ಮರುದಿನ ಪೆನ್ನು ವಾಪಸು ಕೊಟ್ಟ. ಸೇಫ್ಟಿ ಡೆಸ್ಕಿಗೆ ಬರುವವರು ಯಾರೇ ಇರಲಿ, ಒಮ್ಮೆ ಅಂಗಳದಲ್ಲಿ ಮಲಗಿ ಆ ಒಳಕೊಕ್ಕೆ ಸಿಕ್ಕಿಸಿ ನೋಡಿ. ಟಿಕ್ ಹಾಕುವುದು ಏನು ಎಂಬುದು ಆಮೇಲೆ ತಿಳಿಯುತ್ತದೆ.

ನನಗೆ ತಿಳಿದಿತ್ತು. ತಿಳಿದೂ ತಪ್ಪು ಮಾಡಿದೆ. ಮೊದಲನೆಯದು ಸಣ್ಣದು. ಅಮೆರಿಕದ ಕಡೆ ಹೊರಟ ಡ್ರೈವರ್ ಒಬ್ಬರು, "ದೀದಿ, ಈಗಿನ್ನೂ ಸೆಪ್ಟೆಂಬರ್, ಚೈನು ಬೇಕಾ?" ಎಂದು ಕೇಳಿದರು. "ಬೇಡ, ಅಕ್ಟೋಬರಿಂದ" ಎಂದೆ. ಅವರು ಹೋಗುತ್ತಿದ್ದ ರಾಜ್ಯದ ಆ ದಾರಿಯಲ್ಲಿ ಸೆಪ್ಟೆಂಬರಿನಿಂದಲೇ ಹೊತ್ತಿರಬೇಕಾಗಿತ್ತು. ತಪಾಸಣೆಯವರು ಅರ್ಧ ದಿನ ನಿಲ್ಲಿಸಿಕೊಂಡರು. ವಾಪಸು ಬಂದವರು ದಂಡದ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು, "ನೀವು ಓದಿರ್ತೀರಿ ಅಂತ ನಾನು ಓದಲಿಲ್ಲ" ಎಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಬೇಗ ಮರೆಯುತ್ತಿದ್ದೆನೇನೋ.

ಮೇಲಧಿಕಾರಿಗಳು ಬದಲಾಗುತ್ತಾ ಹೋದರು. ಆರಂಭದಲ್ಲಿ ಇದ್ದ ಮ್ಯಾನೇಜರ್ ಹಿಮಗಾಳಿಯ ಎಚ್ಚರಿಕೆ ಬಂದರೆ ಕಿಟಕಿ ಹತ್ತಿರ ನಿಂತು ಹೊರಗೆ ನೋಡಿ, "ಇವತ್ತು ಯಾರೂ ಹೋಗೋದಿಲ್ಲ" ಎಂದುಬಿಡುತ್ತಿದ್ದರು. ಕಂಪನಿಯವರು ಅವರನ್ನು ನಿವೃತ್ತಿಗೆ ಮುಂಚೆಯೇ ಮನೆಗೆ ಕಳಿಸಿದರು. ಅವರ ಜಾಗಕ್ಕೆ ಮಾರ್ಕ್ ಬಂದ. ಮಾರ್ಕ್ ಕೆಟ್ಟವನಲ್ಲ, ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಯಾರಿಗಾದರೂ ಹುಷಾರಿಲ್ಲದಿದ್ದರೆ ಸೂಪ್ ತಂದುಕೊಡುತ್ತಿದ್ದ. ಆದರೆ ಅವನು ಕಿಟಕಿಯ ಕಡೆ ನೋಡುತ್ತಿರಲಿಲ್ಲ, ಸ್ಕ್ರೀನ್ ನೋಡುತ್ತಿದ್ದ. ಅಲ್ಲಿ ಪ್ರತಿ ಗಾಡಿ ಒಂದು ಚುಕ್ಕೆ. ಸಮಯಕ್ಕೆ ಸರಿಯಾಗಿದ್ದರೆ ಹಸಿರು, ತಡವಾದರೆ ಕೆಂಪು. ದಿನವಿಡೀ ಅವನು ಕೆಂಪು ಚುಕ್ಕೆಗಳೊಂದಿಗೆ ಜಗಳವಾಡುತ್ತಿದ್ದ.

ಈರಣ್ಣ ನಮ್ಮಲ್ಲಿಗೆ ಬಂದದ್ದು ಮಾರ್ಕ್ ಬಂದ ಮೇಲೆ. ಬೈಲಹೊಂಗಲದ ಹತ್ತಿರದವರು. ಊರಲ್ಲಿ ಹದಿನಾಲ್ಕು ವರ್ಷ ಬಸ್ ಓಡಿಸಿದವರು. ಹೆಂಡತಿ ಮಹಾದೇವಿಯ ತಮ್ಮ ಕರೆಸಿಕೊಂಡಿದ್ದರಿಂದ ಇಲ್ಲಿಗೆ ಬಂದು, ನಾರ್ತ್ ಯಾರ್ಕಿನ ಎತ್ತರದ ಕಟ್ಟಡವೊಂದರ ಹನ್ನೊಂದನೇ ಮಹಡಿಯಲ್ಲಿ ಮನೆ ಮಾಡಿದ್ದರು. ನಲವತ್ತೆಂಟನೆಯ ವಯಸ್ಸಿಗೆ ಮತ್ತೆ ಲೈಸೆನ್ಸ್ ಪರೀಕ್ಷೆ ಕೂತವರು. ನಾನು ಕನ್ನಡದವಳೆಂದು ಗೊತ್ತಾದ ದಿನ ನನ್ನ ಮೇಜಿನ ಮುಂದೆ ಬಂದು ನಿಂತು, "ಅಕ್ಕಾರ, ಈ ಆಫೀಸಿನ್ಯಾಗ ಯಾರಿಗರ ಬೈಬೇಕಂದ್ರ ನನಗ ಇಂಗ್ಲಿಷ್ ಸಾಲೂದಿಲ್ಲ. ಇನ್ನ ಮ್ಯಾಲೆ ನಿಮ್ಮ ಮುಂದ ಬೈತೇನಿ, ನೀವು ತಿರುಗಿಸಿ ಹೇಳ್ರಿ" ಎಂದು ನಕ್ಕರು. ಆದರೆ ಅವರು ಬೈದದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಗಾಡಿ ಹೊರಡುವ ಮುಂಚೆ ಸ್ಟಿಯರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಟೈರುಗಳನ್ನು ಸುತ್ತಿಗೆಯಿಂದ ಬಡಿದು ಸದ್ದು ಕೇಳುತ್ತಿದ್ದರು. ಅಂಥ ಡ್ರೈವರ್.

ಆ ವರ್ಷ ಕಂಪನಿ ಆರು ಗಾಡಿಗಳನ್ನು ಹೊಸದಾಗಿ ತಂದಿತು. ಅವುಗಳ ಗಾಲಿ ನಮ್ಮ ಹಳೆಯ ಗಾಡಿಗಳದ್ದಕ್ಕಿಂತ ಚಿಕ್ಕದು. ಹಳೆಯ ಗಾಡಿಗಳನ್ನು ಮಾರುವಾಗ ಅವುಗಳಲ್ಲಿದ್ದ ಚೈನಿನ ಪೆಟ್ಟಿಗೆಗಳನ್ನು ಹಾಗೆಯೇ ಈ ಆರಕ್ಕೆ ದಾಟಿಸಿದರು. ವರ್ಕ್‌ಶಾಪಿನಿಂದ ನನಗೆ ಇಮೇಲ್ ಬಂತು: ಆರೂ ಗಾಡಿಗಳಿಗೆ ಸಣ್ಣ ಅಳತೆಯ ಚೈನು ತರಿಸಬೇಕು, ಪೆಟ್ಟಿಗೆಯಲ್ಲಿರುವುದು ನಡೆಯುವುದಿಲ್ಲ. ನಾನು ತರಿಸಿದೆ. ನಾಲ್ಕು ಗಾಡಿಯಷ್ಟು ಬಂತು, ಎರಡರದು ಅಂಗಡಿಯಲ್ಲಿ ಮುಗಿದಿತ್ತು. ೧೧೫ ಮತ್ತು ೧೧೮ ಎಂಬ ಆ ಎರಡು ಗಾಡಿಗಳನ್ನು ಪಶ್ಚಿಮಕ್ಕೆ ಕಳಿಸಬಾರದು ಎಂದು ನನ್ನ ಮನಸ್ಸಿನಲ್ಲಿ ಇಟ್ಟುಕೊಂಡೆ. ಬರೆದಿಡಲಿಲ್ಲ. ಯಾವ ಗಾಡಿ ಎಲ್ಲಿಗೆ ಎಂದು ಹಂಚುವ ಡಿಸ್ಪ್ಯಾಚಿನವರಿಗೆ ಹೇಳಲಿಲ್ಲ. ಪೆಟ್ಟಿಗೆಯ ಮೇಲೆ ಒಂದು ಕೆಂಪು ಟೇಪು ಅಂಟಿಸಿದ್ದರೂ ಸಾಕಿತ್ತು. ನಾಳೆ ಮಾಡಿದರಾಯಿತು ಎನ್ನುತ್ತ ನವೆಂಬರ್ ಹೋಯಿತು, ಕ್ರಿಸ್ಮಸ್ ಹೋಯಿತು.

ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ ಈರಣ್ಣ ವ್ಯಾಂಕೂವರ್ ಲೋಡಿಗೆ ಹೊರಟಿದ್ದರು. ವಿಪರೀತ ಚಳಿ. ಅವರ ಗಾಡಿ ಸ್ಟಾರ್ಟ್ ಆಗಲಿಲ್ಲ. ಡಿಸ್ಪ್ಯಾಚಿನವರು ಅಂಗಳದಲ್ಲಿ ಖಾಲಿ ನಿಂತಿದ್ದ ಗಾಡಿ ಕೊಟ್ಟರು. ಈರಣ್ಣ ಫಾರ್ಮ್ ಹಿಡಿದು ನನ್ನ ಹತ್ತಿರ ಬಂದರು. ಹೊರಡುವ ಮುಂಚಿನ ತಪಾಸಣೆಯ ಆ ಹಾಳೆಗೆ ಡ್ರೈವರ್ ಒಂದು ಸಹಿ ಹಾಕಬೇಕು, ಪಶ್ಚಿಮಕ್ಕೆ ಹೋಗುವ ಗಾಡಿಯಾದರೆ ಚೈನಿನ ಸಾಲಿನಲ್ಲಿ ನನ್ನದೂ ಒಂದು.

"ಚೈನ್ ಅದಾವೇನ್ರಿ ಈರಣ್ಣ?" ಎಂದೆ. ನನ್ನ ಕಣ್ಣು ಸ್ಕ್ರೀನ್ ಮೇಲಿತ್ತು.

"ಡಬ್ಬಿ ಐತ್ರಿ ಅಕ್ಕಾರ. ಎತ್ತಿ ನೋಡೇನಿ, ಭಾರ ಐತಿ. ಮುಚ್ಚಳ ಐಸ್ ಹಿಡದ ಕುಂತೈತಿ, ತಗೀಲ್ಯಾ?"

ಆಗಲೇ ಒಂದು ತಾಸು ತಡವಾಗಿತ್ತು. ಮಾರ್ಕ್ ಎರಡು ಸಲ ಬಾಗಿಲಿಗೆ ಬಂದು ಹೋಗಿದ್ದ. "ಇರ್ಲಿ ಬಿಡ್ರಿ" ಎಂದು ನಾನು ಸಹಿ ಹಾಕಿದೆ. ಹಾಳೆಯ ಮೇಲ್ಭಾಗದಲ್ಲಿ ಗಾಡಿಯ ನಂಬರ್ ಇತ್ತು. ಓದಲಿಲ್ಲ.

ಗುರುವಾರ ಮಧ್ಯಾಹ್ನ ಮೂರರ ಹೊತ್ತಿಗೆ ಫೋನ್ ಬಂತು. ಅಲ್ಲಿ ಆಗಿನ್ನೂ ಹನ್ನೆರಡು. ಗಾಳಿಯ ಸದ್ದಿನಲ್ಲಿ ಈರಣ್ಣನ ಮಾತು ತುಂಡು ತುಂಡಾಗಿ ಕೇಳುತ್ತಿತ್ತು.

"ಅಕ್ಕಾರ, ಘಾಟಿ ಬುಡದಾಗ ನಿಂತೇನಿ. ಲೈಟ್ ಹತ್ತ್ಯಾವು, ಚೈನ್ ಹಾಕಬೇಕು. ಈ ಚೈನ್ ಕೂಡವಲ್ವು. ದೊಡ್ಡೂ ಆಗ್ಯಾವು. ಎಷ್ಟ್ ಬಿಗಿ ಮಾಡಿದ್ರೂ ಜೋತ ಬೀಳಾಕತ್ತಾವು."

"ಯಾವ ಗಾಡಿ ಈರಣ್ಣ?"

"ನೂರಾ ಹದಿನೆಂಟು."

ಆ ಕ್ಷಣ ನನಗೆ ಎಲ್ಲ ಗೊತ್ತಾಯಿತು. ಆ ಇಮೇಲ್ ಕಣ್ಣ ಮುಂದೆ ಬಂತು. "ನಿಂದರ್ರಿ, ಎಲ್ಲೂ ಹೋಗಬ್ಯಾಡ್ರಿ" ಎಂದು ಹೇಳಿ ಮಾರ್ಕ್‌ನನ್ನು ಕರೆದೆ. ಚೈನಿನ ಅಳತೆ ಸರಿಯಿಲ್ಲ ಎಂದಷ್ಟೇ ಹೇಳಿದೆ. ಯಾಕೆ ಸರಿಯಿಲ್ಲ ಎಂಬುದನ್ನು ಹೇಳಲಿಲ್ಲ. ಮಾರ್ಕ್ ಸ್ಕ್ರೀನ್ ನೋಡಿದ. ಚುಕ್ಕೆ ಕೆಂಪಾಗಿತ್ತು. "ರಬ್ಬರ್ ಪಟ್ಟಿ ಇರುತ್ತಲ್ಲ, ಅದರಿಂದ ಎಳೆದು ಕಟ್ಟಲಿ. ಘಾಟಿ ಒಂದನ್ನ ನಿಧಾನವಾಗಿ ದಾಟಿಬಿಟ್ಟರೆ ಆಚೆ ರಸ್ತೆ ಚೆನ್ನಾಗಿದೆ. ಅಲ್ಲೇ ಕೂತರೆ ಎರಡು ದಿನ ಹೋಗುತ್ತೆ" ಎಂದ. ಹೇಳಿ, ನನ್ನ ಕುರ್ಚಿಯ ಪಕ್ಕದಲ್ಲೇ ಕೈಕಟ್ಟಿ ನಿಂತ.

ಫೋನಿನಲ್ಲಿ ಈರಣ್ಣ ಅಂದರು: "ಅವ ಏನರ ಅನ್ಲಿ. ನೀವ ಹೇಳ್ರಿ ಅಕ್ಕಾರ. ಏನ್ ಮಾಡ್ಲಿ?"

ಅಪಾಯವೆನಿಸಿದರೆ ಹೋಗುವುದಿಲ್ಲ ಎನ್ನುವ ಹಕ್ಕು ಕಾನೂನಿನಲ್ಲೇ ಇದೆ. ಹೊಸ ಡ್ರೈವರುಗಳಿಗೆ ಇದನ್ನು ಕಲಿಸುತ್ತಿದ್ದವಳು ನಾನೇ. "ನಿಂದರ್ರಿ" ಎಂಬ ಒಂದು ಮಾತು ಸಾಕಿತ್ತು. ಅದನ್ನು ಅಂದಿದ್ದರೆ, ಯಾಕೆ ನಿಲ್ಲಿಸಿದೆ ಎಂದು ಮಾರ್ಕ್ ಕೇಳುತ್ತಿದ್ದ, ನಾನು ಆ ಇಮೇಲ್ ತೆರೆದು ತೋರಿಸಬೇಕಾಗುತ್ತಿತ್ತು.

"ಬಿಗಿ ಕಟ್ಟಿ ಸಾವಕಾಶ ಹೋಗ್ರಿ ಈರಣ್ಣ" ಎಂದೆ. "ಘಾಟಿ ದಾಟಿದ ಮ್ಯಾಲೆ ಫೋನ್ ಮಾಡ್ರಿ."

"ಆತ್ರಿ. ನೀವ್ ಅಂದ್ರ ಹೊಂಟೆ."

ಐದೂವರೆಗೆ ಫೋನ್ ಮಾಡಿದವರು ಅಲ್ಲಿನ ಪೊಲೀಸರು. ಅರ್ಧ ಘಾಟಿಯಲ್ಲಿ ಸಡಿಲವಾಗಿದ್ದ ಚೈನು ಹರಿದು, ಗಾಲಿಯೊಂದಿಗೆ ಸುತ್ತುತ್ತ ಬ್ರೇಕಿನ ಗಾಳಿಯ ಪೈಪನ್ನು ಕತ್ತರಿಸಿತ್ತು. ಗಾಳಿ ಹೋದರೆ ಬ್ರೇಕು ತಾನಾಗಿ ಹಿಡಿದುಕೊಳ್ಳುತ್ತದೆ. ಗಾಡಿ ಏರಿನಲ್ಲಿ, ರಸ್ತೆಯ ನಡುವೆಯೇ ನಿಂತಿತು. ಈರಣ್ಣ ದೀಪ ಹಾಕಿ, ಹಿಂದೆ ಬರುವವರಿಗೆ ಎಚ್ಚರಿಕೆಯ ತ್ರಿಕೋನ ಇಡಲು ಇಳಿದಿದ್ದರು. ಹಿಂದಿನಿಂದ ಬಂದ ಟ್ರಕ್ಕಿಗೆ ನಿಲ್ಲಲಾಗಲಿಲ್ಲ. ಅದು ಜಾರಿ ಬಂದು ಟ್ರೇಲರಿಗೆ ಬಡಿಯಿತು. ನಡುವೆ ಸಿಕ್ಕ ಈರಣ್ಣನ ಎಡಗಾಲನ್ನು ಆಸ್ಪತ್ರೆಯಲ್ಲಿ ಮೊಣಕಾಲಿನ ಮೇಲಕ್ಕೆ ಕತ್ತರಿಸಿ ತೆಗೆದರು.

ಮಹಾದೇವಿಗೆ ಸುದ್ದಿ ಹೇಳಲು ನನ್ನನ್ನೇ ಕಳಿಸಿದರು, ಭಾಷೆ ಬರುತ್ತದೆಂದು. ಅವರು ಬ್ರೆಡ್ ಫ್ಯಾಕ್ಟರಿಯ ಶಿಫ್ಟು ಮುಗಿಸಿ ಆಗಷ್ಟೇ ಬಂದಿದ್ದರು, ತಲೆಯ ಬಲೆಯನ್ನೂ ತೆಗೆದಿರಲಿಲ್ಲ. ನಾನು ಹೇಳಿ ಮುಗಿಸಿದ ಮೇಲೆ, "ಜೀವ ಐತಲ್ರಿ ಅಕ್ಕಾರ? ಜೀವ ಐತಲ್ಲ?" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಬೆಳಿಗ್ಗೆ ವಿಮಾನ ಹತ್ತಿಸುವವರೆಗೂ ಜೊತೆಗಿದ್ದೆ. ಅವರು ನನ್ನ ಉಪಕಾರವನ್ನು ಎಷ್ಟು ಸಲ ಸ್ಮರಿಸಿದರೋ.

ಸರ್ಕಾರದ ಕಡೆಯಿಂದ ತನಿಖೆ ನಡೆಯಿತು. ನನ್ನಿಂದಲೂ ಹೇಳಿಕೆ ಕೇಳಿದರು. "ಕೇಳಿದ್ದಕ್ಕಷ್ಟೇ ಬರೆ, ವಿಜಿ" ಎಂದ ಮಾರ್ಕ್. ಚೈನು ಗಾಡಿಯಲ್ಲಿದೆ ಎಂದು ಡ್ರೈವರ್ ಖಚಿತಪಡಿಸಿದ್ದರು, ಪೆಟ್ಟಿಗೆ ತೆರೆದು ನೋಡಿರಲಿಲ್ಲ, ಘಾಟಿಯ ಬುಡದಿಂದ ಫೋನ್ ಮಾಡಿದ್ದರು, ನಿಧಾನವಾಗಿ ಹೋಗುವಂತೆ ಸೂಚಿಸಲಾಯಿತು ಎಂದು ಬರೆದೆ. ಒಂದೂ ಸುಳ್ಳಲ್ಲ. 'ಸೂಚಿಸಲಾಯಿತು' ಎಂಬ ಪದವನ್ನು ಹುಡುಕಿ ಬರೆದಿದ್ದೆ. ಯಾರು ಸೂಚಿಸಿದರು ಎಂಬುದು ಅದರಲ್ಲಿ ಇರುವುದಿಲ್ಲ. ಗಾಡಿ ಹೊರಡುವ ಮುಂಚೆ ಎಲ್ಲವನ್ನೂ ನೋಡಿಕೊಳ್ಳುವ ಹೊಣೆ ನಿಯಮದ ಪ್ರಕಾರ ಡ್ರೈವರನದೇ. ಕಂಪನಿ ಅದನ್ನೇ ಹಿಡಿದುಕೊಂಡಿತು. ದಾಖಲೆಯಲ್ಲಿ ಈರಣ್ಣನ ತಪ್ಪು ಎಂದು ಆಯಿತು.

ಕೃತಕ ಕಾಲು ಜೋಡಿಸಿ ನಡೆಯುವುದನ್ನು ಕಲಿಸುವ ಆಸ್ಪತ್ರೆಯಲ್ಲಿ ಅವರನ್ನು ನೋಡಲು ಹೋದೆ. ಎರಡು ಕಂಬಿ ಹಿಡಿದು ನಿಂತಿದ್ದರು. ಅಷ್ಟಕ್ಕೇ ಬೆವರಿದ್ದರು. "ನಂದ ತಪ್ಪು ಅಕ್ಕಾರ" ಎಂದರು. "ಐಸ್ ಒಡದ ಡಬ್ಬಿ ತಗದ ನೋಡಬೇಕಿತ್ತು. ಹದಿನಾಕ ವರ್ಷ ಬಸ್ ಹೊಡದಾಂವ, ಹೆಂಗ್ ಬಿಟ್ಟೆ ನೋಡ್ರಿ. ನಿಮ್ಮ ಹೆಸರಿಗೂ ಕಪ್ಪ ಹಚ್ಚಿದೆ."

"ಹಂಗ್ಯಾಕಂತೀರಿ" ಎಂದೆ. ತಂದಿದ್ದ ಕಿತ್ತಳೆ ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು ಬಂದುಬಿಟ್ಟೆ.

ಆ ಮೇಲೆ ಪದ್ಧತಿ ಬದಲಾಯಿತು. ಕಾಗದದ ಹಾಳೆ ಹೋಯಿತು, ಡ್ರೈವರುಗಳಿಗೆ ಟ್ಯಾಬ್ಲೆಟ್ ಬಂತು. ಇನ್ನು ಮೇಲೆ ಚೈನಿನ ಪೆಟ್ಟಿಗೆ ತೆರೆದು ಫೋಟೋ ತೆಗೆದು ಕಳಿಸಬೇಕು, ನಾನು ಅದನ್ನು ನೋಡಿ ಒಪ್ಪಬೇಕು. ಚೆನ್ನಾದ ಪದ್ಧತಿ ಎಂದುಕೊಂಡೆ. ಜನವರಿಯಲ್ಲಿ ಒಂದು ಫೋಟೋ ಬಂತು: ಪೆಟ್ಟಿಗೆಯ ಪಕ್ಕದಲ್ಲಿ ಹಸಿರು ಹುಲ್ಲು. ಆ ಡ್ರೈವರ್ ಅಕ್ಟೋಬರಿನಲ್ಲಿ ತೆಗೆದದ್ದನ್ನೇ ನಾಲ್ಕು ತಿಂಗಳಿಂದ ಕಳಿಸುತ್ತಿದ್ದರು. ಹಿಂದಿನ ಮೂರು ಸಲ ನಾನೂ ಒಪ್ಪಿಕೊಂಡಿದ್ದೆ. ಯಂತ್ರ ಬಂದರೆ ಕಣ್ಣಿಗೆ ಬಿಡುವು ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇದರ ಜೊತೆಗೆ ಹೊಸ ಡ್ರೈವರುಗಳ ತರಬೇತಿಗೆ ಒಂದು ಸ್ಲೈಡ್ ಸೇರಿಸಿದರು. ಘಾಟಿಯಲ್ಲಿ ನುಜ್ಜುಗುಜ್ಜಾಗಿ ನಿಂತ ೧೧೮ನೇ ಗಾಡಿಯ ಚಿತ್ರ, ಅದರ ಮೇಲೆ ದಪ್ಪ ಅಕ್ಷರದಲ್ಲಿ "ಡ್ರೈವರ್ ಪರೀಕ್ಷಿಸಲಿಲ್ಲ" ಎಂದು. ಆ ತರಗತಿ ತೆಗೆದುಕೊಳ್ಳುತ್ತಿದ್ದವಳು ನಾನು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ತಿಂಗಳಿಗೆ ಎರಡು ಸಲ ಆ ಚಿತ್ರದ ಮುಂದೆ ನಿಂತು, ಈ ಡ್ರೈವರ್ ಪೆಟ್ಟಿಗೆ ತೆರೆದಿದ್ದರೆ ಅವರ ಕಾಲು ಉಳಿಯುತ್ತಿತ್ತು ಎಂದು ಹೇಳಿದೆ. ಮೊದಲ ಕೆಲವು ಸಲ ಚಿತ್ರದ ಕಡೆ ನೋಡದೆ ಹೇಳುತ್ತಿದ್ದೆ. ಆಮೇಲೆ ಅದೂ ನಿಂತಿತು. ಅದು ನಿಂತದ್ದು ನನಗೆ ಗೊತ್ತೂ ಆಗಲಿಲ್ಲ.

ಒಂದು ದಿನದ ತರಗತಿಯಲ್ಲಿ ಕುಲ್ದೀಪ್ ಎಂಬ ಪಂಜಾಬಿ ಹೆಂಗಸು ಮುಂದಿನ ಸಾಲಿನಲ್ಲಿ ಕೂತಿದ್ದರು. ನಲವತ್ತರ ಮೇಲಿನ ವಯಸ್ಸು, ಗಂಡ ತೀರಿಕೊಂಡ ಮೇಲೆ ಅವನ ಟ್ರಕ್ ಓಡಿಸುವುದನ್ನು ಕಲಿತವರು. ನಾನು ಸ್ಲೈಡ್ ಮುಗಿಸಿದೆ. ಅವರು ಕೈ ಎತ್ತಿದರು. ಹಿಂದಿಯಲ್ಲಿ, "ದೀದಿ, ಡ್ರೈವರ್ ನೋಡಲಿಲ್ಲ, ಸರಿ. ಆದರೆ ಫಾರ್ಮಿನಲ್ಲಿ ಆಫೀಸಿನವರದೂ ಒಂದು ಸಹಿ ಇರುತ್ತೆ ಅಂತ ಈಗ ತಾನೇ ನೀವೇ ತೋರಿಸಿದಿರಿ. ಅದನ್ನ ಯಾರು ಹಾಕಿದ್ದರು?" ಎಂದು ಕೇಳಿದರು.

ಕುಹಕದ ಪ್ರಶ್ನೆಯಲ್ಲ. ತಿಳಿದುಕೊಳ್ಳಲು ಕೇಳಿದ್ದು. ಉಳಿದವರೂ ತಲೆ ಎತ್ತಿ ನೋಡಿದರು.

"ಮೈನೇ" ಎಂದೆ. ನಾನೇ.

ಕುಲ್ದೀಪ್ ಮೆಲ್ಲಗೆ ಪೆನ್ನು ಕೆಳಗಿಟ್ಟರು. ನಾನು ಪ್ರೊಜೆಕ್ಟರ್ ಆರಿಸಿದೆ. "ಇವತ್ತಿಗೆ ಇಷ್ಟು ಸಾಕು" ಎಂದು ಹೇಳಿ ಹೊರಗೆ ಬಂದು, ನನ್ನ ಮೇಜಿಗೆ ಹೋಗಿ ಆ ಹಳೆಯ ಇಮೇಲ್ ತೆರೆದೆ. ಅದು ಅಲ್ಲೇ ಇತ್ತು. ಅದನ್ನು ಮುದ್ರಿಸಿದೆ. ಅದೇ ಮಧ್ಯಾಹ್ನ ಎರಡನೆಯ ಹೇಳಿಕೆ ಬರೆದೆ. ಇಮೇಲ್ ಬಂದದ್ದು, ಎರಡು ಗಾಡಿ ಉಳಿದದ್ದು, ನಂಬರ್ ಓದದೆ ಸಹಿ ಹಾಕಿದ್ದು, ಫೋನಿನಲ್ಲಿ ಗೊತ್ತಾದದ್ದು, ಗೊತ್ತಿದ್ದೂ ಹೋಗಿ ಎಂದದ್ದು. ಈ ಸಲ ಪ್ರತಿ ವಾಕ್ಯವನ್ನೂ 'ನಾನು' ಎಂದೇ ಶುರುಮಾಡಿದೆ.

ಮಾರ್ಕ್ ಬಾಗಿಲು ಹಾಕಿಕೊಂಡು ಮಾತಾಡಿದ. "ಅವನ ಕಾಲು ವಾಪಸು ಬರುತ್ತಾ? ನಿನಗಿನ್ನು ಎಷ್ಟು ವರ್ಷ ಸರ್ವೀಸು ಉಳಿದಿದೆ? ಯಾರಿಗೆ ಒಳ್ಳೆಯದಾಗುತ್ತೆ ಇದರಿಂದ?"

ನಾನು ಕಾಗದ ವಾಪಸು ತೆಗೆದುಕೊಳ್ಳಲಿಲ್ಲ. ತನಿಖೆಯವರಿಗೆ ಕಳಿಸಿದೆ. ಅವರು ಕರೆಸಿಕೊಂಡು ಎರಡು ದಿನ ಕೇಳಿದರು. ದಾಖಲೆ ತಿದ್ದಿದರು. ಕಂಪನಿಗೆ ಶಿಕ್ಷೆಯಾಯಿತು, ನನ್ನ ಹೆಸರಿನ ಮೇಲೂ ಬರೆದರು. ಸೇಫ್ಟಿ ಡೆಸ್ಕಿನಿಂದ ತೆಗೆದು ನನ್ನನ್ನು ಮುಂಬಾಗಿಲಿನ ಕೌಂಟರಿನಲ್ಲಿ ಕೂರಿಸಿದರು. ಬಂದವರಿಗೆ ಪಾಸು ಕೊಡುವ ಕೆಲಸ. ಕೊನೆಯ ಹದಿನಾಲ್ಕು ತಿಂಗಳು ಅದನ್ನೇ ಮಾಡಿ ನಿವೃತ್ತಳಾದೆ. ಮಾರ್ಕ್ ಇದಕ್ಕಿಂತ ದೊಡ್ಡ ಕಂಪನಿಗೆ ಹೋದ. ತರಬೇತಿಯಿಂದ ಆ ಸ್ಲೈಡನ್ನು ತೆಗೆದರು. ಅದರ ಜಾಗಕ್ಕೆ ಬೇರೆ ಏನನ್ನೂ ಹಾಕಲಿಲ್ಲ.

ಹೇಳಿಕೆ ಕಳಿಸಿದ ವಾರವೇ ನಾನು ನಾರ್ತ್ ಯಾರ್ಕಿಗೆ ಹೋಗಿದ್ದೆ. ತನಿಖೆಯವರ ಕಾಗದ ಈರಣ್ಣನಿಗೆ ಮುಟ್ಟುವ ಮುಂಚೆ ನನ್ನ ಬಾಯಿಂದ ಕೇಳಲಿ ಎಂದು. ಭಾನುವಾರ ಮಧ್ಯಾಹ್ನ, ಈರಣ್ಣ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಜೋಡಣೆಯ ಕಾಲನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದರು. ಮಹಾದೇವಿ ಮಂಡಕ್ಕಿ ಹಚ್ಚಲು ಅಡುಗೆಮನೆಗೆ ಹೋದರು. ಕಾಲೇಜು ಓದುವ ಮಗಳು ಪೂಜಾ ಸೋಫಾದ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು.

ಸುತ್ತು ಬಳಸದೆ ಹೇಳಿದೆ. ಅಳಬಾರದೆಂದು ಮೊದಲೇ ತೀರ್ಮಾನಿಸಿದ್ದೆ, ಅಳಲಿಲ್ಲ. ಒಳಗೆ ಈರುಳ್ಳಿ ಹೆಚ್ಚುವ ಸದ್ದು ನಡುವೆಯೇ ನಿಂತುಹೋಯಿತು.

ಈರಣ್ಣ ಒಂದೇ ಪ್ರಶ್ನೆ ಕೇಳಿದರು.

"ನಾ ಫೋನ್ ಮಾಡಿದ್ನಲ್ರಿ. ನೂರಾ ಹದಿನೆಂಟು ಅಂದೆ. ಆವಾಗ ನಿಮಗ ಗೊತ್ತಾಗಿತ್ತೇನು?"

"ಗೊತ್ತಾಗಿತ್ತು."

"ಗೊತ್ತಾದ ಮ್ಯಾಲ ಹೋಗ್ರಿ ಅಂದ್ರಿ."

"ಹೂಂ."

"ಅವ ಇಂಗ್ಲಿಷಿನ್ಯಾಗ ಹೇಳಿದ್ದು ನನಗ ಫೋನಿನ್ಯಾಗ ಕೇಳಿಸಿತ್ತು" ಎಂದರು. "ಅಂವ ಹೇಳಿದ್ದಕ್ಕ ನಾ ಹೋಗ್ತಿದ್ದಿಲ್ಲ. ಲಾರಿ ಅಲ್ಲೇ ಬಿಟ್ಟ ಚಾ ಕುಡ್ಯಾಕ ಹೋಗ್ತಿದ್ದೆ." ಅಷ್ಟು ಹೇಳಿ ಮುಖ ತಿರುಗಿಸಿಕೊಂಡರು.

ಪೂಜಾ ಎದ್ದು ಬಂದು ನನ್ನ ಕೋಟನ್ನು ಕೈಗೆ ಕೊಟ್ಟಳು. "ಆಂಟಿ, ಪ್ಲೀಸ್ ಗೋ ನೌ" ಎಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅಪ್ಪನನ್ನು ಒಬ್ಬನೇ ಇರಲು ಬಿಡಬೇಕು ಎಂಬ ಆತುರ ಮಾತ್ರ. ಮಹಾದೇವಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಲಿಫ್ಟಿಗೆ ಕಾಯಲಾಗದೆ ಹನ್ನೊಂದು ಮಹಡಿಯನ್ನೂ ಇಳಿದುಕೊಂಡು ಬಂದೆ.

ಈಗ ಈ ಕೆಲಸಕ್ಕೆ ಬರುವವರಿಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಪೆಟ್ಟಿಗೆ ತೆರೆಸಿ. ಐಸ್ ಹಿಡಿದಿದ್ದರೆ ಒಡೆಸಿ, ಎಷ್ಟೇ ತಡವಾಗಲಿ. ಟೈರಿನ ಪಕ್ಕದಲ್ಲಿ ಬರೆದಿರುವ ಅಳತೆಯನ್ನೂ ಚೈನಿನ ಚೀಟಿಯ ಅಳತೆಯನ್ನೂ ನೀವೇ ಓದಿ, ಗಾಡಿಯ ನಂಬರನ್ನು ಬಾಯಿಬಿಟ್ಟು ಓದಿ. ಘಾಟಿಯ ಬುಡದಿಂದ ಯಾರಾದರೂ ನಮ್ಮ ಮಾತಿನಲ್ಲಿ "ನೀವ ಹೇಳ್ರಿ" ಎಂದರೆ, ಅವರು ಕೇಳುತ್ತಿರುವುದು ಕಂಪನಿಯನ್ನಲ್ಲ, ನಿಮ್ಮನ್ನು. ನಿಮ್ಮ ಕುರ್ಚಿಯ ಪಕ್ಕದಲ್ಲಿ ಯಾರೇ ನಿಂತಿರಲಿ. ತಪ್ಪಾಗಿದ್ದರೆ ಫೋನ್ ಇಡುವ ಮುಂಚೆಯೇ ಹೇಳಿ. ನನ್ನ ಹಾಗೆ ಎರಡು ವರ್ಷ ಬಿಟ್ಟು ಹೇಳಿದರೂ ಅದೇ ಮಾತು, ಆದರೆ ಅಷ್ಟರಲ್ಲಿ ಅದನ್ನು ಇನ್ನೊಬ್ಬರು ತಮ್ಮದೆಂದುಕೊಂಡು ಹೊತ್ತು ತಿರುಗಿರುತ್ತಾರೆ.

ನಾನು ಅವರ ಮನೆಗೆ ಹೋಗಿಬಂದ ಆರು ವಾರಗಳ ನಂತರ, ಒಂದು ಬೆಳಿಗ್ಗೆ ಕೌಂಟರಿನಲ್ಲಿದ್ದಾಗ ಮಹಾದೇವಿಯ ಫೋನ್ ಬಂತು. ಹಿಂದೆ ಫ್ಯಾಕ್ಟರಿಯ ಯಂತ್ರಗಳ ಸದ್ದು ಕೇಳುತ್ತಿತ್ತು. ಬ್ರೇಕಿನಲ್ಲಿ ಮಾಡಿದ್ದಿರಬೇಕು.

"ಅಕ್ಕಾರ, ಒಂದ ಮಾತ ಹೇಳೂದಿತ್ತು" ಎಂದರು. "ನಿನ್ನೆ ನಮ್ಮ ತಮ್ಮ ಬಂದಿದ್ದ, ಅವ್ನ ಗೆಳ್ಯಾರ್ನ ಕರಕೊಂಡ. ಕಾಲ ಹೆಂಗ ಹೋತು ಅಂತ ಅವ್ರ ಕೇಳಿದ್ರು. ಯಾವಾಗ್ಲೂ ನಂದ ತಪ್ಪು, ನಂದ ತಪ್ಪು ಅಂತಿದ್ರು ಇವ್ರು. ನಿನ್ನೆ ಹಂಗ ಅನ್ಲಿಲ್ಲ. ಚೈನ್ ಅಳತಿ ತಪ್ಪಿತ್ತು, ನನಗ ಯಾರೂ ಹೇಳಿದ್ದಿಲ್ಲ ಅಂದ್ರು. ಅಂದ ಮ್ಯಾಲೆ ಎರಡ ರೊಟ್ಟಿ ಹೆಚ್ಚಿಗಿ ಉಂಡ್ರು."

ಪಾಸಿಗೆ ಬಂದವರೊಬ್ಬರಿಗೆ ಸ್ವಲ್ಪ ತಾಳಿ ಎಂದು ಕೈ ತೋರಿಸಿದೆ.

"ಇದನ್ನ ನಿಮಗ ಹೇಳಬೇಕು ಅನಸ್ತು, ಹೇಳಿದೆ" ಎಂದರು ಮಹಾದೇವಿ. ಆಮೇಲೆ, "ನೀವ್ ಮಾತ್ರ ಇನ್ನ ನಮ್ಮ ಮನಿಗೆ ಬರಬ್ಯಾಡ್ರಿ" ಎಂದು ಫೋನ್ ಇಟ್ಟರು.

ನಾನು ಹೋಗಿಲ್ಲ.